ಐಎಸ್‌ಐ ಮಾರ್ಕ್ ಉಂಟು, ಮತ್ತೆ ಸೆಲ್ ಹೇಗೆ ಹೊರಗೆ ಬಂತು?

ಪ್ರಶ್ನೆ: ನಾವು ಇರುವುದು ಮಂಗಳೂರಿನ ಬಿಜೈಯಲ್ಲಿ. ನನ್ನ ಪುಳ್ಳಿಗೆ, ಅಂದರೆ ಮೊಮ್ಮಗನಿಗೆ, ಒಂದೂವರೆ ವರ್ಷ. ಜಾತ್ರೆಯ ಸಂತೆಯಲ್ಲಿ ಅವನಿಗೆ ಹಾಡು ಹೇಳುವ, ಲೈಟು ಉರಿಯುವ ಒಂದು ಆನೆ ತೆಗೆದುಕೊಟ್ಟೆ. ಮೂರನೇ ದಿನ ಅವನು ಅದನ್ನು ನೆಲಕ್ಕೆ ಕುಟ್ಟುವಾಗ ಹೊಟ್ಟೆಯ ಮುಚ್ಚಳ ಕಳಚಿ, ನಾಣ್ಯದಂಥ ಸೆಲ್ ಹೊರಗೆ ಬಿತ್ತು. ಪುಣ್ಯಕ್ಕೆ ನಾನು ಅಲ್ಲೇ ಇದ್ದೆ. ಪೆಟ್ಟಿಗೆಯ ಮೇಲೆ ಐಎಸ್‌ಐ ಮಾರ್ಕ್ ಉಂಟು. ವಾಪಸ್ ಹೋಗಿ ಕೇಳಿದರೆ ಅಂಗಡಿಯವನು, "ಗವರ್ನಮೆಂಟಿನವರು ಚೆಕ್ ಮಾಡಿಯೇ ಬಿಡುವುದಮ್ಮ, ಎಂತ ಆಗುವುದಿಲ್ಲ" ಅಂದ. ನಿಜವಾಗಿ ಯಾರಾದರೂ ಚೆಕ್ ಮಾಡುತ್ತಾರಾ? ಯಾರಿಗೆ ಹೇಳುವುದು? ಮನೆಯ ಬೇರೆ ಸಾಮಾನುಗಳ ಕಥೆಯೂ ಹೀಗೆಯೇನಾ?

ಉತ್ತರ: ಕಾನೂನಿನ ಮಾತು ಆಮೇಲೆ. ಆ ಸೆಲ್ ಈಗ ಎಲ್ಲಿದೆ ಅಂತ ಮೊದಲು ನೋಡಿ. ಕಸದ ಬುಟ್ಟಿಯಲ್ಲಿದ್ದರೆ ತೆಗೆಯಿರಿ. ಮೇಜಿನ ಡ್ರಾಯರಿನಲ್ಲಿದ್ದರೂ ತೆಗೆಯಿರಿ. ಎರಡೂ ಬದಿಗೆ ಸೆಲ್ಲೋಟೇಪ್ ಸುತ್ತಿ ಎತ್ತರದಲ್ಲಿಡಿ.

ಅದರ ಮೇಲೆ ಸಿಆರ್2032 ಅಂತ ಬರೆದಿದೆಯಾ? ಹಾಗಿದ್ದರೆ ಅದು 20 ಮಿಲಿಮೀಟರ್ ಅಗಲದ, 3.2 ಮಿಲಿಮೀಟರ್ ದಪ್ಪದ, 3 ವೋಲ್ಟಿನ ಲಿಥಿಯಂ ಸೆಲ್. ಆ ಸಂಖ್ಯೆಯ ಅರ್ಥವೇ ಅಗಲ ಮತ್ತು ದಪ್ಪ. ಚಿಕ್ಕ ಮಗುವಿನ ಅನ್ನನಾಳದಲ್ಲಿ ಸರಿಯಾಗಿ ಸಿಕ್ಕಿಹಾಕಿಕೊಳ್ಳುವ ಅಳತೆ ಅದು. ಒಳಗೆ ಒದ್ದೆ ಇರುತ್ತದೆ, ಆದ್ದರಿಂದ ಕರೆಂಟು ಹರಿಯುತ್ತದೆ. ಸೆಲ್ ತಾಗಿದ ಜಾಗದಲ್ಲಿ ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟುತ್ತದೆ. ಎರಡು ಗಂಟೆಯೊಳಗೆ ಒಳಗಡೆ ಗಂಭೀರವಾಗಿ ಸುಟ್ಟುಬಿಡಬಹುದು. ಆಟಿಕೆ ಓಡಿಸಲು ಆಗದಷ್ಟು ಮುಗಿದ ಸೆಲ್ಲಿನಲ್ಲೂ ಇದಕ್ಕೆ ಬೇಕಾದಷ್ಟು ಕರೆಂಟು ಉಳಿದಿರುತ್ತದೆ.

ನುಂಗಿದ ಅನುಮಾನ ಬಂದರೂ ಸಾಕು, ಕಾಯಬೇಡಿ. ಬಾಳೆಹಣ್ಣು ತಿನ್ನಿಸುವುದು, ಬೆರಳು ಹಾಕಿ ವಾಂತಿ ಮಾಡಿಸುವುದು ಏನೂ ಬೇಡ. ಎಂಡೋಸ್ಕೋಪಿ ಇರುವ ದೊಡ್ಡ ಆಸ್ಪತ್ರೆಗೆ ನೇರ ಹೋಗಿ. ಮಂಗಳೂರು, ಮಣಿಪಾಲದಲ್ಲಿ ಅದಕ್ಕೇನೂ ಕೊರತೆ ಇಲ್ಲ. "ಬಟನ್ ಸೆಲ್ ನುಂಗಿರಬಹುದು" ಅಂತ ಬಾಗಿಲಲ್ಲೇ ಹೇಳಿ. ನಾಣ್ಯ ಅಂತ ಹೇಳಿದರೆ ಸಾಲಿನಲ್ಲಿ ಕೂರಿಸಬಹುದು, ಸೆಲ್ ಅಂದರೆ ಯಾರೂ ಕೂರಿಸುವುದಿಲ್ಲ. ಎಕ್ಸ್-ರೇಯಲ್ಲಿ ನಾಣ್ಯಕ್ಕೆ ಒಂದು ಅಂಚು ಕಂಡರೆ, ಸೆಲ್ಲಿಗೆ ಒಳಗೊಂದು ಹೊರಗೊಂದು ಉಂಗುರ ಕಾಣುತ್ತದೆ.

ಇನ್ನು ನಿಮ್ಮ ಅಂಗಡಿಯವನ ಮಾತಿಗೆ ಬರೋಣ. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ಸುಳ್ಳು.

ಚೆಕ್ ಮಾಡುವ ಸಂಸ್ಥೆ ಭಾರತೀಯ ಮಾನಕ ಬ್ಯೂರೋ. ಎಲ್ಲರ ಬಾಯಲ್ಲಿ ಬಿಐಎಸ್. 1947ರಲ್ಲಿ ಶುರುವಾದಾಗ ಇದರ ಹೆಸರು ಇಂಡಿಯನ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್, ಅಂದರೆ ಐಎಸ್‌ಐ. 1987ರಲ್ಲಿ ಹೊಸ ಕಾಯ್ದೆಯಡಿ ಬ್ಯೂರೋ ಆಯಿತು, ಆದರೆ ಮಾರ್ಕಿಗೆ ಹಳೇ ಹೆಸರೇ ಅಂಟಿಕೊಂಡಿತು. ಈಗ ಇದು ನಡೆಯುವುದು 2016ರ ಬಿಐಎಸ್ ಕಾಯ್ದೆಯ ಪ್ರಕಾರ.

ತುಂಬಾ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಐಎಸ್‌ಐ ಮಾರ್ಕ್ ಎಲ್ಲ ಸಾಮಾನಿಗೂ ಕಡ್ಡಾಯ ಅಲ್ಲ. ಸಾವಿರಾರು ಮಾನದಂಡಗಳಿವೆ, ಬೇಕಾದವರು ಪಾಲಿಸಬಹುದು ಅಷ್ಟೇ. ಯಾವುದಾದರೂ ಸಾಮಾನಿಗೆ ಕೇಂದ್ರ ಸರ್ಕಾರ 'ಗುಣಮಟ್ಟ ನಿಯಂತ್ರಣ ಆದೇಶ' ಹೊರಡಿಸಿದರೆ ಮಾತ್ರ ಮಾರ್ಕ್ ಇಲ್ಲದೆ ತಯಾರಿಸುವುದು, ತರಿಸುವುದು, ಮಾರುವುದು, ಮಾರಾಟಕ್ಕೆ ಇಡುವುದು ಎಲ್ಲ ಅಪರಾಧ.

ಆಟಿಕೆಗೆ ಆ ಆದೇಶ ಬಂದದ್ದು 2020ರ ಫೆಬ್ರವರಿಯಲ್ಲಿ. ಜಾರಿಗೆ ಬಂದದ್ದು 2021ರ ಜನವರಿ 1ಕ್ಕೆ. 14 ವರ್ಷದೊಳಗಿನ ಮಕ್ಕಳು ಆಡುವ ಎಲ್ಲ ಆಟಿಕೆಗೂ ಅನ್ವಯ. ಅದಕ್ಕೆ ಮುಂಚೆ, 2019ರಲ್ಲಿ, ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾ ಮಾರುಕಟ್ಟೆಯಿಂದ ಆಟಿಕೆಗಳನ್ನು ಗಿರಾಕಿಯ ಹಾಗೆ ಕೊಂಡು ಪರೀಕ್ಷೆ ಮಾಡಿಸಿತ್ತು. ಸುಮಾರು ಶೇ. 67ರಷ್ಟು ಫೇಲ್! ಹತ್ತರಲ್ಲಿ ಆರೇಳು. ಆದೇಶದ ಹಿಂದೆ ವಿದೇಶಿ ಆಟಿಕೆಯನ್ನು ತಡೆಯುವ ಲೆಕ್ಕಾಚಾರವೂ ಇತ್ತು ಅನ್ನಿ, ಅದೇ ತಿಂಗಳು ಆಮದು ಸುಂಕ ಶೇ. 20ರಿಂದ 60ಕ್ಕೆ ಏರಿತು. ಕಾರಣ ಏನೇ ಇರಲಿ, ಮಕ್ಕಳಿಗೆ ಒಳ್ಳೆಯದೇ ಆಯಿತು.

ಹಾಗಾದರೆ ಚೆಕ್ ಹೇಗೆ ನಡೆಯುತ್ತದೆ? ನಿಮ್ಮ ಆನೆಯನ್ನು ಯಾವ ಅಧಿಕಾರಿಯೂ ಕೈಯಲ್ಲಿ ಹಿಡಿದು ನೋಡಿಲ್ಲ. ಯಾರ ಆನೆಯನ್ನೂ ನೋಡುವುದಿಲ್ಲ. ನೋಡುವುದು ಕಾರ್ಖಾನೆಯನ್ನು. ತಯಾರಕ ಅರ್ಜಿ ಹಾಕುತ್ತಾನೆ. ಅಧಿಕಾರಿ ಕಾರ್ಖಾನೆಗೆ ಹೋಗಿ ಯಂತ್ರ, ಪರೀಕ್ಷೆಯ ವ್ಯವಸ್ಥೆ ನೋಡುತ್ತಾರೆ. ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಪಾಸಾದರೆ ಲೈಸೆನ್ಸ್. ಆಮೇಲೆ ಪ್ರತಿ ಬ್ಯಾಚ್ ಪರೀಕ್ಷೆ ಮಾಡಿ ಲೆಕ್ಕ ಇಡುವುದು ತಯಾರಕನದೇ ಕೆಲಸ. ಬಿಐಎಸ್ ಆಗಾಗ ಕಾರ್ಖಾನೆಯಿಂದ, ಅಂಗಡಿಯಿಂದ ಮಾದರಿ ಎತ್ತಿ ನೋಡುತ್ತದೆ. ಚೀನಾದ ಕಾರ್ಖಾನೆಯಾದರೂ ಇದೇ ದಾರಿ. ಲೈಸೆನ್ಸ್ ಬೇಕೇ ಬೇಕು.

ನಾನು ಬೆಂಗಳೂರಿನ ಒಂದು ಪರೀಕ್ಷಾ ಪ್ರಯೋಗಾಲಯದಲ್ಲಿ ತುಂಬಾ ವರ್ಷ ಕೆಲಸ ಮಾಡಿದವನು. ಅಲ್ಲಿ ನಾವು ಮಾಡುತ್ತಿದ್ದದ್ದು ನಿಮ್ಮ ಪುಳ್ಳಿ ಮಾಡಿದ್ದನ್ನೇ, ಸ್ವಲ್ಪ ಲೆಕ್ಕ ಇಟ್ಟುಕೊಂಡು. ಎತ್ತಿ ಹಾಕುವುದು, ತಿರುಚುವುದು, ಎಳೆಯುವುದು. ಒಂದೂವರೆ ವರ್ಷದೊಳಗಿನ ಮಗುವಿನ ಆಟಿಕೆಯನ್ನು ಒಂದು ಮೀಟರಿಗಿಂತ ಜಾಸ್ತಿ ಎತ್ತರದಿಂದ 10 ಸಲ ಬೀಳಿಸಬೇಕು. ಬಿದ್ದ ಮೇಲೆ ಕಳಚಿಬಂದ ಚೂರುಗಳನ್ನೆಲ್ಲ ಒಂದು ಸಣ್ಣ ಉಕ್ಕಿನ ಲೋಟದೊಳಗೆ ಹಾಕಿ ನೋಡಬೇಕು. ಅದರ ಬಾಯಿ 31.7 ಮಿಲಿಮೀಟರ್. ಚೂರು ಅದರೊಳಗೆ ಪೂರ್ತಿ ಕುಳಿತರೆ ಮಗುವಿನ ಗಂಟಲಲ್ಲೂ ಕೂರುತ್ತದೆ ಅಂತ ಅರ್ಥ. ಮೂರು ವರ್ಷದೊಳಗಿನವರ ಆಟಿಕೆ ಅಲ್ಲಿಗೆ ಫೇಲ್. ಬೊಂಬೆಯ ಕಣ್ಣು ಎಳೆದಾಗ ಕಿತ್ತು ಬಂದರೂ ಅಷ್ಟೇ. ಪೇಂಟಿನಿಂದ ಬಿಡುಗಡೆಯಾಗುವ ಸೀಸ ಕೆಜಿಗೆ 90 ಮಿಲಿಗ್ರಾಂ ಮೀರಬಾರದು, ಕ್ಯಾಡ್ಮಿಯಂ 75. ಮಗು ಆಟಿಕೆಯನ್ನು ಚೀಪುತ್ತದೆ, ಹಾಗಾಗಿ ಹೊಟ್ಟೆಯ ಆಮ್ಲದಂಥ ದ್ರಾವಣದಲ್ಲಿ ಪೇಂಟಿನ ಪುಡಿ ಅದ್ದಿಟ್ಟು ಇದನ್ನು ಅಳೆಯುತ್ತಾರೆ.

ಬ್ಯಾಟರಿ ಆಟಿಕೆಗೆ ಇನ್ನೊಂದು ನಿಯಮ ಇದೆ, ಅದೇ ನಿಮಗೆ ಬೇಕಾದದ್ದು. ಬಟನ್ ಸೆಲ್ ಇರುವ ಗೂಡನ್ನು ಬರಿಗೈಯಲ್ಲಿ ತೆರೆಯಲು ಬರಬಾರದು. ಸ್ಕ್ರೂಡ್ರೈವರಿನಂಥ ಸಾಧನ ಬೇಕು. ಬಿದ್ದು, ಕುಟ್ಟಿ ಆದಮೇಲೂ ಮುಚ್ಚಳ ಅಲ್ಲೇ ನಿಲ್ಲಬೇಕು. ನಿಮ್ಮ ಆನೆಯ ಮುಚ್ಚಳಕ್ಕೆ ಸ್ಕ್ರೂ ಇತ್ತಾ, ಸುಮ್ನೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಮುಚ್ಚಳವಾ? ಎರಡನೆಯದಾದರೆ ಆ ಆನೆ ಯಾವ ಪ್ರಯೋಗಾಲಯದ ಬಾಗಿಲನ್ನೂ ಕಂಡಿರಲಿಕ್ಕಿಲ್ಲ. ಮಾರ್ಕ್ ಸುಮ್ನೆ ಅಚ್ಚು ಹಾಕಿದ್ದು ಅಂತ ನನ್ನ ಅನುಮಾನ.

ಅನುಮಾನವನ್ನು ನೀವೇ ಈಗಲೇ ತೀರಿಸಿಕೊಳ್ಳಬಹುದು. ಪೆಟ್ಟಿಗೆ ತೆಗೆದುಕೊಳ್ಳಿ. ನಿಜವಾದ ಐಎಸ್‌ಐ ಗುರುತಿನ ಮೇಲೆ ಐಎಸ್ ಅಂತ ಶುರುವಾಗುವ ಒಂದು ಸಂಖ್ಯೆ ಇರಬೇಕು, ಅದು ಮಾನದಂಡದ ನಂಬರು. ಕೆಳಗೆ ಸಿಎಂ/ಎಲ್ ಅಂತ ಬರೆದು ಇನ್ನೊಂದು ಸಂಖ್ಯೆ ಇರಬೇಕು, ಅದು ಲೈಸೆನ್ಸ್ ನಂಬರು. ಬರೀ ಗುರುತು ಇದ್ದು ಸಂಖ್ಯೆ ಇಲ್ಲದಿದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಸಂಖ್ಯೆ ಇದ್ದರೆ ಫೋನಿನಲ್ಲಿ 'ಬಿಐಎಸ್ ಕೇರ್' ಆ್ಯಪ್ ಹಾಕಿಕೊಂಡು, ಲೈಸೆನ್ಸ್ ಪರಿಶೀಲಿಸುವ ಕಡೆ ಆ ನಂಬರು ಒತ್ತಿ. ಕಂಪನಿಯ ಹೆಸರು, ವಿಳಾಸ, ಬ್ರ್ಯಾಂಡ್, ಯಾವ ಸಾಮಾನಿಗೆ ಲೈಸೆನ್ಸ್, ಈಗ ಚಾಲ್ತಿಯಲ್ಲಿದೆಯಾ ಇಲ್ಲವಾ ಎಲ್ಲ ಬರುತ್ತದೆ.

ಇಲ್ಲೊಂದು ಒಳಗಿನವರಿಗೆ ಮಾತ್ರ ಗೊತ್ತಿರುವ ಸುಳಿವು. ಬ್ಯಾಟರಿ, ಕರೆಂಟು ಇಲ್ಲದ ಆಟಿಕೆಗೆ ಮಾನದಂಡ ಐಎಸ್ 9873. ಲೈಟು, ಹಾಡು, ಮೋಟಾರು ಇರುವ ಆಟಿಕೆಗೆ ಐಎಸ್ 15644. ಹಾಡುವ ಆನೆಯ ಮಾರ್ಕಿನ ಮೇಲೆ 9873 ಅಂತ ಇದ್ದರೆ, ಯಾರೋ ಬೇರೆ ಯಾವುದೋ ಪೆಟ್ಟಿಗೆಯಿಂದ ಮಾರ್ಕ್ ಎತ್ತಿಕೊಂಡಿದ್ದಾರೆ. ಕದಿಯುವವರು ಗುರುತನ್ನು ಚೆನ್ನಾಗಿ ಕದಿಯುತ್ತಾರೆ, ನಂಬರಿನ ಅರ್ಥ ಅವರಿಗೂ ಗೊತ್ತಿರುವುದಿಲ್ಲ.

ನನಗೂ ಟೋಪಿ ಬಿದ್ದಿದೆ, ಹೇಳಿಬಿಡುತ್ತೇನೆ. ಕೆಲಸ ಮುಗಿಸಿ ಉಡುಪಿಗೆ ವಾಪಸ್ ಬಂದ ಮೇಲಿನ ಮೊದಲ ಆಟಿ, ಜೋರು ಮಳೆಯ ತಿಂಗಳು. ಬಚ್ಚಲಿನ ಹಂಡೆಗೆ ಸೌದೆ ಒದ್ದೆ. ಹತ್ತಿರದ ಒಂದು ಅಂಗಡಿಗೆ ಹೋಗಿ ನೀರು ಕಾಯಿಸುವ ರಾಡ್ ತಂದೆ. ಮಾರ್ಕ್ ಇತ್ತು, ನಂಬರೂ ಇತ್ತು. ಮನೆಗೆ ಬಂದು ಅಭ್ಯಾಸಬಲದಿಂದ ನಂಬರು ಒತ್ತಿದರೆ ಬಂದದ್ದು ಒಂದು ಪ್ಲೈವುಡ್ ಕಾರ್ಖಾನೆಯ ಹೆಸರು! ನನ್ನ ಹೆಂಡತಿ ಇವತ್ತಿಗೂ ಅದನ್ನು ಪ್ಲೈವುಡ್ ರಾಡ್ ಅಂತಲೇ ಕರೆಯುವುದು. ಬಿಡಿಸಿ ನೋಡಿದೆ. ಅರ್ಥಿಂಗ್ ತಂತಿ ಪ್ಲಗ್ಗಿನ ತನಕ ಬಂದಿತ್ತು, ರಾಡಿಗೆ ಜೋಡಿಸಿರಲಿಲ್ಲ. ಒದ್ದೆ ನೆಲದಲ್ಲಿ ನಿಂತು ಬಕೆಟ್ಟಿಗೆ ಕೈ ಹಾಕಿದ್ದರೆ ಈ ಉತ್ತರ ಬರೆಯಲು ನಾನು ಇರುತ್ತಿರಲಿಲ್ಲವೇನೋ. ಮಣಿಪಾಲದ ಕಡೆ ಬಾಡಿಗೆ ರೂಮುಗಳಲ್ಲಿ ಮಕ್ಕಳು ಇಂಥದ್ದೇ ರಾಡ್ ಇಟ್ಟುಕೊಂಡಿರುವುದು ನೋಡಿದಾಗೆಲ್ಲ ಎದೆ ಝಲ್ಲೆನ್ನುತ್ತದೆ.

ಇಷ್ಟೆಲ್ಲ ನಿಯಮ ಇದ್ದೂ ಇಂಥ ಸಾಮಾನು ಹೇಗೆ ಬರುತ್ತದೆ? ವ್ಯವಸ್ಥೆಯ ಒಂದು ದೊಡ್ಡ ತೂತು ಇಲ್ಲಿದೆ. ಲೈಸೆನ್ಸ್ ತೆಗೆದುಕೊಂಡವನ ವಿಳಾಸ ಬಿಐಎಸ್ ಹತ್ತಿರ ಇರುತ್ತದೆ. ಅವನ ಕಾರ್ಖಾನೆಗೆ ಅಧಿಕಾರಿ ಹೋಗುತ್ತಾರೆ, ಅವನ ಮಾದರಿ ಪರೀಕ್ಷೆಗೆ ಹೋಗುತ್ತದೆ, ತಪ್ಪಿದರೆ ಅವನ ಲೈಸೆನ್ಸ್ ನಿಲ್ಲುತ್ತದೆ. ಲೈಸೆನ್ಸೇ ಇಲ್ಲದವನ ವಿಳಾಸ ಯಾರ ಹತ್ತಿರವೂ ಇಲ್ಲ. ಸರಿಯಾಗಿ ನಡೆಯುವವನಿಗೆ ಇನ್‌ಸ್ಪೆಕ್ಟರ್ ಕಾಟ, ಕಳ್ಳನಿಗೆ ಆರಾಮ. ಕಳ್ಳನನ್ನು ಹಿಡಿಯಬೇಕಾದರೆ ದಾಳಿಯೇ ಮಾಡಬೇಕು. ದಾಳಿ ಮಾಡಲು ಯಾರಾದರೂ ಸುಳಿವು ಕೊಡಬೇಕು.

ದಾಳಿ ನಡೆಯುವುದೇ ಇಲ್ಲ ಅಂತಲ್ಲ. 2023ರ ಜನವರಿಯಲ್ಲಿ ಬಿಐಎಸ್ ಲೆಕ್ಕ ಕೊಟ್ಟಿತ್ತು, ಒಂದೇ ತಿಂಗಳಲ್ಲಿ ದೇಶದ ಬೇರೆ ಬೇರೆ ಕಡೆ 44 ದಾಳಿ, 18,600 ಆಟಿಕೆ ವಶ. ಸಿಕ್ಕಿಬಿದ್ದದ್ದರಲ್ಲಿ ಮಾಲ್‌ಗಳ, ವಿಮಾನ ನಿಲ್ದಾಣಗಳ ದುಬಾರಿ ಅಂಗಡಿಗಳೂ ಇದ್ದವು. ಆದ್ದರಿಂದ ಎಸಿ ಅಂಗಡಿಯಲ್ಲಿ ಕೊಂಡರೆ ಸೇಫ್, ಸಂತೆಯಲ್ಲಿ ಕೊಂಡರೆ ಡೇಂಜರ್ ಅನ್ನುವ ಲೆಕ್ಕ ಬೇಡ. ಶಿಕ್ಷೆಯೂ ಚಿಕ್ಕದಲ್ಲ. ಕಾಯ್ದೆಯ ಪ್ರಕಾರ ಎರಡು ವರ್ಷದ ತನಕ ಜೈಲು, ಅಥವಾ ಮೊದಲ ಸಲಕ್ಕೆ ಕನಿಷ್ಠ 2 ಲಕ್ಷ ರೂಪಾಯಿ ದಂಡ, ಮತ್ತೆ ಮಾಡಿದರೆ ಕನಿಷ್ಠ 5 ಲಕ್ಷ. ದಂಡ ಸಾಮಾನಿನ ಬೆಲೆಯ ಹತ್ತು ಪಟ್ಟಿನ ತನಕ ಹೋಗಬಹುದು. ಆದರೆ ಜಾತ್ರೆಯ ಸಂತೆ ಅಂದರೆ ಇವತ್ತು ಕದ್ರಿ, ನಾಳೆ ಇನ್ನೊಂದು ಊರು. ಬಿಐಎಸ್ ಕಚೇರಿ ಇರುವ ಬೆಂಗಳೂರಿನ ಪೀಣ್ಯದಿಂದ ಅಧಿಕಾರಿ ಘಾಟಿ ಇಳಿದು ಬರುವಷ್ಟರಲ್ಲಿ ತೇರು ಎಳೆದು, ಸ್ಟಾಲ್ ಕಿತ್ತು ಆಗಿರುತ್ತದೆ.

ಮಾರ್ಕ್ ಇಲ್ಲದ್ದೆಲ್ಲ ಕಳ್ಳಮಾಲೂ ಅಲ್ಲ. ನೋಂದಾಯಿತ ಕುಶಲಕರ್ಮಿಗಳು ಕೈಯಿಂದ ಮಾಡಿದ ಆಟಿಕೆಗೆ, ಇದು ಇಂಥ ಊರಿನದ್ದೇ ಅಂತ ಹೇಳುವ ಭೌಗೋಳಿಕ ಗುರುತು (ಜಿಐ) ಇರುವ ಆಟಿಕೆಗೆ ವಿನಾಯಿತಿ ಇದೆ. ನಮ್ಮ ಚನ್ನಪಟ್ಟಣದ, ಕಿನ್ನಾಳದ ಬೊಂಬೆಗಳು ಹಾಗೆ ಬಚಾವಾದವು. (ನಮ್ಮ ಉಡುಪಿಯ ಬದನೆ ಮಟ್ಟುಗುಳ್ಳಕ್ಕೂ ಆ ಗುರುತು ಉಂಟು, ಆದರೆ ಅದನ್ನು ಸಾಂಬಾರಿಗೇ ಹಾಕಿ.) ಚನ್ನಪಟ್ಟಣದ್ದು ಅಂತ ಹೇಳಿ ಮಾಮೂಲಿ ಪೇಂಟ್ ಬಳಿದ ಮರದ ಆಟಿಕೆ ಮಾರುವವರೂ ಇದ್ದಾರೆ. ಅಸಲಿಗೆ ಅರಗಿನ ಬಣ್ಣ, ಅದು ಉಗುರಿನಿಂದ ಕೆರೆದರೆ ಪದರವಾಗಿ ಏಳುವುದಿಲ್ಲ.

ಬೇರೆ ಗುರುತುಗಳ ಬಗ್ಗೆ ಎರಡು ಮಾತು. ಫ್ರಿಜ್ಜಿನ ಮೇಲಿನ ನಕ್ಷತ್ರಗಳು ಕರೆಂಟು ಉಳಿತಾಯದ್ದು, ಸುರಕ್ಷತೆಯದ್ದಲ್ಲ. ಪೆಟ್ಟಿಗೆ ಮೇಲೆ 'ಐಎಸ್‌ಒ 9001' ಅಂತ ಇದ್ದರೆ ಅದು ಕಂಪನಿಯ ಆಡಳಿತಕ್ಕೆ ಸಿಕ್ಕ ಸರ್ಟಿಫಿಕೇಟು, ಒಳಗಿನ ಸಾಮಾನಿಗಲ್ಲ. ಸಿಇ ಅಂದರೆ 'ಚೈನಾ ಎಕ್ಸ್‌ಪೋರ್ಟ್' ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರುವುದು ಸುಳ್ಳು, ಅದು ಯುರೋಪಿನ ನಿಯಮ ಪಾಲಿಸಿದ್ದೇನೆ ಅಂತ ತಯಾರಕನೇ ಹೇಳಿಕೊಳ್ಳುವ ಗುರುತು. ಇಲ್ಲಿ ಮಾರಲು ಅದು ಸಾಕಾಗುವುದಿಲ್ಲ. ಮೊಬೈಲ್ ಚಾರ್ಜರ್, ಪವರ್ ಬ್ಯಾಂಕ್, ಎಲ್‌ಇಡಿ ಬಲ್ಬುಗಳಿಗೆ ಐಎಸ್‌ಐ ಬದಲು ನೋಂದಣಿ ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನಂಬರು ಇರುತ್ತದೆ. ಅದನ್ನೂ ಅದೇ ಆ್ಯಪ್‌ನಲ್ಲಿ ನೋಡಬಹುದು.

ನಮ್ಮ ಕರಾವಳಿಯ ಮನೆಗಳಲ್ಲಿ ಇನ್ನೊಂದು ಜಾತಿಯ ಸಾಮಾನು ಉಂಟಲ್ವಾ, ದುಬೈಯಿಂದ ಬಂದದ್ದು. ಮಗ, ಅಳಿಯ, ತಮ್ಮ ಯಾರಾದರೊಬ್ಬರು ಪ್ರತಿ ವರ್ಷ ಪೆಟ್ಟಿಗೆ ತುಂಬಿ ತರುತ್ತಾರೆ. ಅಲ್ಲಿ ಕೊಂಡ ಆಟಿಕೆಗೆ ಗಲ್ಫ್ ದೇಶಗಳ ಜಿ ಗುರುತು ಇರುತ್ತದೆ, ಐಎಸ್‌ಐ ಇರುವುದಿಲ್ಲ. ಒಳ್ಳೆಯ ಅಂಗಡಿಯದ್ದಾದರೆ ಆಟಿಕೆ ಚೆನ್ನಾಗಿಯೇ ಇರುತ್ತದೆ. ನನಗೆ ಭಯ ಇರುವುದು ಇಸ್ತ್ರಿಪೆಟ್ಟಿಗೆ, ಕೆಟ್ಲ್‌ಗಳ ಬಗ್ಗೆ. ವೋಲ್ಟೇಜು ನಮ್ಮಂತೆಯೇ, ಪ್ಲಗ್ ಮಾತ್ರ ಬ್ರಿಟಿಷ್ ಮಾದರಿಯ ಚೌಕ ಪಿನ್ನಿನದ್ದು. ನಾವೇನು ಮಾಡುತ್ತೇವೆ? ಮೇಲಿನ ತೂತಿಗೆ ಕಡ್ಡಿ ಚುಚ್ಚಿ ಒತ್ತುತ್ತೇವೆ, ಅಥವಾ ನೂರು ರೂಪಾಯಿಯ ಅಡಾಪ್ಟರ್ ಸಿಕ್ಕಿಸುತ್ತೇವೆ. ಇಂಥ ಎಷ್ಟೋ ಅಡಾಪ್ಟರುಗಳಲ್ಲಿ ಅರ್ಥಿಂಗ್ ಜೋಡಣೆಯೇ ಇರುವುದಿಲ್ಲ. ಅಲ್ಲಿ ಪಾಸಾದ ಸಾಮಾನು ನಮ್ಮ ಗೋಡೆಗೆ ಬಂದ ಕೂಡಲೇ ಫೇಲ್. ಎಲೆಕ್ಟ್ರಿಷಿಯನ್ ಕರೆದು ಐಎಸ್‌ಐ ಇರುವ ಮೂರು ಪಿನ್ನಿನ ಪ್ಲಗ್ ಹಾಕಿಸಿ. ಮನೆಯ ಅರ್ಥಿಂಗನ್ನೂ ಒಮ್ಮೆ ನೋಡಲು ಹೇಳಿ, ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥಿಂಗ್ ಹೆಸರಿಗಷ್ಟೇ ಇರುತ್ತದೆ. ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆ್ಯಂಪಿನ ಸ್ವಿಚ್, ಆರ್‌ಸಿಸಿಬಿ, ಇಲ್ಲದಿದ್ದರೆ ಮುಂದಿನ ಸಂಬಳದಲ್ಲಿ ಮೊದಲ ಖರ್ಚು ಅದೇ ಇರಲಿ. ಕರೆಂಟು ಕೊಡುವ ಮೆಸ್ಕಾಂನವರ ಜವಾಬ್ದಾರಿ ಮೀಟರಿನ ತನಕ ಮಾತ್ರ.

ಕುಕ್ಕರಿಗೆ 2021ರ ಫೆಬ್ರವರಿಯಿಂದ ಐಎಸ್‌ಐ ಕಡ್ಡಾಯ, ಮಾನದಂಡ ಐಎಸ್ 2347. ಆನ್‌ಲೈನಿನಲ್ಲಿ ಮಾರ್ಕ್ ಇಲ್ಲದ ಕುಕ್ಕರ್ ಮಾರಾಟಕ್ಕೆ ಬಿಟ್ಟದ್ದಕ್ಕೆ 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದೊಡ್ಡ ಮಾರಾಟ ಜಾಲತಾಣಗಳಿಗೆ ಒಂದೊಂದು ಲಕ್ಷ ದಂಡ ಹಾಕಿತು. ಒಂದು ಪ್ರಕರಣದಲ್ಲಿ 2,265 ಕುಕ್ಕರ್ ಕೊಂಡವರಿಗೆಲ್ಲ ತಿಳಿಸಿ, ವಾಪಸ್ ಪಡೆದು, ಹಣ ಹಿಂದಿರುಗಿಸಲು ಆದೇಶಿಸಿತು. ಹಾಗೆ ಆದೇಶ ಮಾಡಲು ಸಾಧ್ಯವಾದದ್ದು ಯಾಕೆ ಗೊತ್ತಾ? ಆನ್‌ಲೈನಿನವರ ಹತ್ತಿರ ಪ್ರತಿ ಗಿರಾಕಿಯ ವಿಳಾಸ ಇರುತ್ತದೆ. ಸಂತೆಯ ಆನೆಯನ್ನು ಯಾರು ಯಾರು ಕೊಂಡರು ಅಂತ ದೇವರಿಗೂ ಗೊತ್ತಿಲ್ಲ.

ಆದರೆ ಕುಕ್ಕರಿನ ವಿಷಯದಲ್ಲಿ ನಾವೇ ಜಾಸ್ತಿ ತಪ್ಪು ಮಾಡುವುದು. ಕುಚ್ಚಲಕ್ಕಿಯ ಗಂಜಿ ನೊರೆ ಉಕ್ಕಿ ವಿಶಲ್ ಕೂರುವ ತೂತು ಕಟ್ಟಿಕೊಳ್ಳುತ್ತದೆ. ಒತ್ತಡ ಏರಿ ಸೇಫ್ಟಿ ವಾಲ್ವ್ ಕರಗಿಹೋಗುತ್ತದೆ. ಅದು ಮಾಡಬೇಕಾದ ಕೆಲಸವೇ ಅದು. ನಾವು ಅದರ ಜಾಗಕ್ಕೆ ಇಪ್ಪತ್ತು ರೂಪಾಯಿಯ ಲೋಕಲ್ ವಾಲ್ವ್ ಹಾಕುತ್ತೇವೆ. ಪ್ರಯೋಗಾಲಯದಲ್ಲಿ ಪಾಸಾದದ್ದು ಕಂಪನಿಯ ವಾಲ್ವ್ ಇರುವ ಕುಕ್ಕರ್. ಲೋಕಲ್ ವಾಲ್ವ್ ಯಾವ ಶಾಖಕ್ಕೆ ಕರಗುತ್ತದೋ, ಕರಗುತ್ತದೋ ಇಲ್ಲವೋ, ಯಾರೂ ನೋಡಿಲ್ಲ. ಗ್ಯಾಸಿನ ಟ್ಯೂಬಿಗೂ ಇದೇ ಮಾತು. ಐಎಸ್ 9573 ಗುರುತಿನ ಸುರಕ್ಷಾ ಟ್ಯೂಬ್ ಹಾಕಿ, ಐದು ವರ್ಷಕ್ಕೆ ಬದಲಿಸಿ.

ಪುಳ್ಳಿಯ ಕಡೆ ವಾಪಸ್ ಬರುತ್ತೇನೆ. ಹಾಲಿನ ಬಾಟಲಿಗೆ ಐಎಸ್‌ಐ ಕಡ್ಡಾಯವಾದದ್ದು ಇವತ್ತು ನಿನ್ನೆಯಲ್ಲ, ಶಿಶು ಆಹಾರದ 1992ರ ಕಾಯ್ದೆಯಲ್ಲೇ ಇದೆ. ಬಾಟಲಿಯ ಜಾಹೀರಾತು ಮಾಡುವುದಕ್ಕೂ ಅದೇ ಕಾಯ್ದೆಯಲ್ಲಿ ನಿಷೇಧ. ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಬಾಟಲಿಯನ್ನು ಮಾನದಂಡ ಒಪ್ಪುವುದಿಲ್ಲ.

ಅಜ್ಜನ ಮನೆಯ ಅಟ್ಟದಿಂದ ಹಳೇ ತೊಟ್ಟಿಲು ಇಳಿಸಿದ್ದೀರಾ? ಇಳಿಸಿರುತ್ತೀರಿ, ನಮ್ಮ ಕಡೆ ಎಲ್ಲರೂ ಇಳಿಸುತ್ತಾರೆ. ಮನೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅನ್ನುವ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಎನಾಮಲ್ ಪೇಂಟಿನಲ್ಲಿ ಎಷ್ಟು ಸೀಸ ಇದೆಯೋ ಹೇಳಲಾಗದು. ಹಲ್ಲು ಬರುವ ಮಗು ತೊಟ್ಟಿಲ ಅಂಚನ್ನೇ ಕಚ್ಚುವುದು. ಪೇಂಟ್ ಎದ್ದಿದ್ದರೆ ಆ ತೊಟ್ಟಿಲು ಬಿಟ್ಟು ಸೀರೆಯ ಜೋಲಿಯಲ್ಲೇ ಮಲಗಿಸಿ. ಮನೆಯೊಳಗೆ ಮರಳುಕಾಗದ ಹಾಕಿ ಉಜ್ಜಲೇಬೇಡಿ, ಆ ಧೂಳೇ ವಿಷ.

ವಾಕರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಚಕ್ರದ ವಾಕರನ್ನು ಕೆನಡಾ 2004ರಲ್ಲೇ ಪೂರ್ತಿ ನಿಷೇಧಿಸಿತು. ಮಕ್ಕಳು ಮೆಟ್ಟಿಲಿನಿಂದ ಉರುಳುತ್ತಿದ್ದರು. ನಮ್ಮಲ್ಲಿ ಅಂಗಡಿಗಳಲ್ಲಿ ರಾಶಿ ಹಾಕಿದ್ದಾರೆ. ನುಣುಪಾದ ನೆಲ, ಜಗಲಿ, ಮೆಟ್ಟಿಲು, ಕೆಳಗೆ ಅಂಗಳ. ಯಾವ ಮಾರ್ಕ್ ಇದ್ದರೂ ನನ್ನ ಮನೆಗೆ ವಾಕರ್ ಬರುವುದು ಬೇಡ.

ಸೊಳ್ಳೆಯ ಲಿಕ್ವಿಡ್ಡಿಗೆ ಬೇರೆಯೇ ಕಾಯ್ದೆ. ಅದು 1968ರ ಕೀಟನಾಶಕ ಕಾಯ್ದೆಯಡಿ ಬರುತ್ತದೆ, ಬಾಟಲಿಯ ಮೇಲೆ ನೋಂದಣಿ ಸಂಖ್ಯೆ ಇರಬೇಕು. ಸೊಳ್ಳೆ ಓಡಿಸುವ ಅಗರಬತ್ತಿ ಅಂತ ಬರುವ ಕೆಲವು ಪೊಟ್ಟಣಗಳಲ್ಲಿ ಆ ಸಂಖ್ಯೆಯೇ ಇರುವುದಿಲ್ಲ. ಮಗು ಇರುವ ಕೋಣೆಗೆ ಅದು ಬೇಡ.

ಈಗ ದೂರು. ಮಾರ್ಕ್ ದುರುಪಯೋಗದ ದೂರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲೇ ಕೊಡಿ. ಇದಕ್ಕೆ ಬಿಲ್ ಬೇಕೇ ಬೇಕು ಅಂತಿಲ್ಲ. ಪೆಟ್ಟಿಗೆಯ ಫೋಟೋ, ಮಾರ್ಕಿನ ಹತ್ತಿರದ ಫೋಟೋ, ತೆರೆದ ಮುಚ್ಚಳದ ಫೋಟೋ, ಯಾವ ಜಾತ್ರೆ, ಯಾವ ದಿನ, ಸ್ಟಾಲ್ ಎಲ್ಲಿತ್ತು, ಇಷ್ಟು ಸಾಕು. ನಾನು ಹೇಳಿದ ಆ ದೊಡ್ಡ ತೂತು ಮುಚ್ಚುವುದು ಇಂಥ ಸುಳಿವುಗಳಿಂದಲೇ. ಜೊತೆಗೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪೆಟ್ಟಿಗೆ ಮೇಲೆ ತಯಾರಕನ ಅಥವಾ ತರಿಸಿದವನ ಹೆಸರು, ವಿಳಾಸ, ಬೆಲೆ ಇಲ್ಲದಿದ್ದರೆ ಅದು ಇನ್ನೊಂದು ತಪ್ಪು, ಅದನ್ನು ನೋಡುವುದು ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆ, ತಕ್ಕಡಿಗೆ ಸೀಲ್ ಹಾಕುವವರು.

ದೇವರ ದಯೆಯಿಂದ ನಿಮ್ಮಲ್ಲಿ ಗಾಯ ಆಗಿಲ್ಲ. ಯಾರಿಗಾದರೂ ಆದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಮಂಗಳೂರಿನಲ್ಲೂ ಉಡುಪಿಯಲ್ಲೂ ಇದೆ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದೊಳಗೆ ಹೋಗಬೇಕು ಅಷ್ಟೇ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಒಂದು ಒಳ್ಳೆಯ ಅಂಶ ಇದೆ. ತಯಾರಕ ಯಾರು ಅಂತಲೇ ಗೊತ್ತಾಗದಿದ್ದರೆ ಹೊಣೆ ಮಾರಿದವನ ತಲೆಗೇ ಬರುತ್ತದೆ. "ನಾನು ಬರೀ ಮಾರುವವನು" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಸಂತೆಯಲ್ಲಿ ಬಿಲ್ ಎಲ್ಲಿ ಕೊಡುತ್ತಾರೆ ಮಾರಾಯ್ರೇ ಅನ್ನಬೇಡಿ. ಫೋನಿನಲ್ಲಿ ದುಡ್ಡು ಕಳಿಸಿದ್ದರೆ ಆ ದಾಖಲೆಯಲ್ಲಿ ದುಡ್ಡು ತಲುಪಿದವನ ಹೆಸರು, ದಿನ, ಮೊತ್ತ ಇರುತ್ತದೆ. ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ.

ಮುಂದಿನ ಸಲ ಕೊಳ್ಳುವಾಗ ಅಂಗಡಿಯಲ್ಲೇ ಮೂರು ಕೆಲಸ ಮಾಡಿ. ಬ್ಯಾಟರಿ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ ನೋಡಿ. ಕಣ್ಣು, ಚಕ್ರ, ಗುಂಡಿ ಏನಿದ್ದರೂ ಸ್ವಲ್ಪ ಜೋರಾಗಿ ಎಳೆಯಿರಿ, ಅಂಗಡಿಯವನು ಬೈದರೂ ಪರವಾಗಿಲ್ಲ. ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಉಂಗುರ ಮಾಡಿ, ಅದರೊಳಗೆ ತೂರಿಹೋಗುವ ಯಾವ ಚೂರೂ ಮೂರು ವರ್ಷದೊಳಗಿನ ಮಗುವಿಗೆ ಬೇಡ. ಪ್ರಯೋಗಾಲಯದ ಲೋಟಕ್ಕಿಂತ ಈ ಉಂಗುರ ಸ್ವಲ್ಪ ದೊಡ್ಡದೇ ಇರುತ್ತದೆ, ಇರಲಿ. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್, ಅದೂ ಆ ಲೋಟದೊಳಗೆ ಬೀಳುತ್ತದೆ.

ಮತ್ತೆ, ಆನೆಯನ್ನು ಎಸೆಯಬೇಡಿ. ರಿಪೇರಿಯನ್ನೂ ಮಾಡಿಸಬೇಡಿ, ಅದು ಈಗ ಸಾಕ್ಷಿ. ಸೆಲ್ ಬೇರೆ ಇಟ್ಟು, ಪೆಟ್ಟಿಗೆ ಸಮೇತ ಕಪಾಟಿನ ಮೇಲೆ ಇಡಿ, ದೂರು ಇತ್ಯರ್ಥ ಆಗುವ ತನಕ. ಪುಳ್ಳಿ ಕೇಳಿದರೆ ಆನೆಗೆ ಹುಷಾರಿಲ್ಲ, ಮಲಗಿದೆ ಅನ್ನಿ.